‘ಇನ್ಶೂರೆನ್ಸ್ ಇದೆಯಲ್ಲ ಮಾರಾಯ!’

ಎರವಲು ಮಿತ್ರ ಎಂದೂ ನೇರವಾಗಿ ಕಾರು ಕೇಳುವವನಲ್ಲ. ಫೋನಿನಲ್ಲಿ ಮೊದಲು ನಿಮ್ಮ ತಂದೆಯ ಬಿಪಿ ವಿಚಾರಿಸುತ್ತಾನೆ, ಆಮೇಲೆ ಮಳೆ, ಕೊನೆಗೆ ‘ಭಾನುವಾರ ಮನೇಲೇ ಇರ್ತೀಯಲ್ಲ?’ ಹೋಗುವುದು ಧರ್ಮಸ್ಥಳಕ್ಕೆ ಎಂದಮೇಲೆ ಇಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ತುಸು ತಡವರಿಸಿದಿರೋ, ಮಂತ್ರ ಸಿದ್ಧ: ‘ಇನ್ಶೂರೆನ್ಸ್ ಇದೆಯಲ್ಲ ಮಾರಾಯ!’ ಸೋಮವಾರ ಕಾರು ಬರುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಪ್ರಸಾದ, ಸೀಟಿನಡಿ ಚಿಪ್ಸ್ ಪುಡಿ, ಎಡ ಬಾಗಿಲಿಗೆ ಮೊಳದುದ್ದದ ಗೀರು. ‘ಇದು ಮೊದಲೇ ಇತ್ತಲ್ವಾ?’ ಎಂದು ಕೇಳುವವನೂ ಅವನೇ. ಗೀರಿಗೆ ಕ್ಲೇಮ್ ಮಾಡಿದರೆ, ಐದು ವರ್ಷ ಕ್ಲೇಮಿಲ್ಲದೆ ಕೂಡಿದ ಶೇ 50ರ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಒಂದೇ ಏಟಿಗೆ ಸೊನ್ನೆ. ಪುಣ್ಯ ಅವನದು, ಪ್ರೀಮಿಯಂ ನಿಮ್ಮದು.

ಅವನ ಮಂತ್ರ ಪೂರ್ತಿ ಸುಳ್ಳೇನಲ್ಲ. ನಿಮ್ಮ ಒಪ್ಪಿಗೆಯಿಂದ, ಲೈಸೆನ್ಸ್ ಇರುವವನು ಓಡಿಸುವಾಗ ದಾರಿಹೋಕನಿಗೆ ಪೆಟ್ಟಾದರೆ ಪರಿಹಾರ ಕೊಡುವುದು ವಿಮಾ ಕಂಪನಿಯೇ. ಪೇಚು ಶುರುವಾಗುವುದು ಲೈಸೆನ್ಸ್ ಇಲ್ಲದಾಗ. ಅಂಥವನಿಗೆ ಗೊತ್ತಿದ್ದೂ ಕೀ ಕೊಟ್ಟ ಮಾಲೀಕನಿಂದ ಕಂಪನಿ ಆ ಹಣವನ್ನು ವಸೂಲು ಮಾಡಬಹುದು. ಮಾಲೀಕ ತಕ್ಕ ಎಚ್ಚರ ವಹಿಸಿದ್ದರೆ ಅವನ ಮೇಲೆ ಹೊರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 180ನೇ ಕಲಂನಡಿ, ಲೈಸೆನ್ಸ್ ಇಲ್ಲದವನಿಗೆ ವಾಹನ ಕೊಟ್ಟ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ. ಅಂದಮೇಲೆ ‘ಡಿಎಲ್ ತೋರಿಸು’ ಎನ್ನುವುದೇ ನಿಮ್ಮ ರಕ್ಷಾಕವಚ. ಆದರೆ ಎರವಲು ಮಿತ್ರ ಜಾತಕ ಬೇಕಾದರೂ ತೋರಿಸಿಯಾನು, ಡಿಎಲ್ ಮಾತ್ರ ‘ಮನೇಲಿದೆ’.

ಸ್ನೇಹದಲ್ಲಿ ಇದನ್ನೆಲ್ಲ ಕೇಳುವುದು ಅತಿಯಾಯಿತು ಎನ್ನುವವರಿದ್ದಾರೆ. ನಿಮ್ಮ ಬೋನಸ್ಸಿನ ಮಟ್ಟಿಗೆ ಒಪ್ಪೋಣ. ಆದರೆ ನಿಜವಾಗಿ ಬೀದಿಗೆ ಬೀಳುವುದು ಅವನ ಮನೆಯವರು. ಇಳಕಲ್‌ನಿಂದ ಗುಡೂರಿಗೆ ಎರವಲು ಬೈಕಿನಲ್ಲಿ ಹೊರಟವರೊಬ್ಬರು ಎತ್ತಿನಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು: ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಅವನ ವಾರಸುದಾರರಿಗೆ ಅದೇ ಕಾಯ್ದೆಯಲ್ಲಿ ಆಗ ಇದ್ದ 163-ಎ ಕಲಂನಡಿ ಪರಿಹಾರ ಸಿಗದು. ಮಾಲೀಕನ ಜಾಗ ಸಿಕ್ಕಿತೆಂದು ಮಾಲೀಕನ 15 ಲಕ್ಷದ ಅಪಘಾತ ವಿಮೆ ಸಿಕ್ಕೀತೇ ಎಂದರೆ ಅದೂ ಇಲ್ಲ. ಅದು ಆರ್‌ಸಿಯಲ್ಲಿ ಹೆಸರಿರುವವನಿಗೆ ಮಾತ್ರ. ಇಷ್ಟಾದರೂ ಕಾರು ಕೊಡುವ ಮನಸ್ಸಿದ್ದರೆ ಧಾರಾಳವಾಗಿ ಕೊಡಿ. ಕೀಗಿಂತ ಮುಂಚೆ ಅವನ ಡಿಎಲ್ ಫೋಟೊ ವಾಟ್ಸ್ಆ್ಯಪ್‌ಗೆ ತರಿಸಿಕೊಳ್ಳಿ, ಅದರ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ, ಅವನ ಹೆಸರಲ್ಲೊಂದು ಅಪಘಾತ ವಿಮೆ ಇದೆಯೇ ಎಂದೂ ಕೇಳಿಬಿಡಿ.