ಧ್ವನಿಸಂಧಿ ಪ್ರಕರಣ: ಟೇಕುಗಳ ವ್ಯಾಕರಣಕ್ಕೊಂದು ಪ್ರವೇಶಿಕೆ

ಕೇಶಿರಾಜ 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಮೊದಲ ಪ್ರಕರಣವನ್ನೇ ಸಂಧಿಗೆ ಮೀಸಲಿಟ್ಟ. ಶಬ್ದವೆಂದರೆ ಪದವೂ ಹೌದು, ಸದ್ದೂ ಹೌದು. ಆದ್ದರಿಂದ ಈ ಗ್ರಂಥ ಮೂಲತಃ ರೆಕಾರ್ಡಿಂಗ್ ಸ್ಟುಡಿಯೋದವರಿಗಾಗಿಯೇ ರಚಿತವಾದದ್ದು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ. ಸ್ಟುಡಿಯೋ ಬರುವುದು ಆರೇಳು ಶತಮಾನ ತಡವಾದದ್ದು ಗ್ರಂಥಕರ್ತನ ತಪ್ಪಲ್ಲ.

ಮೊದಲು ಉಪಕರಣ ವಿಚಾರ. ಮೇಣದ ತಟ್ಟೆಯ ಕಾಲದಲ್ಲಿ ಕೊರೆದದ್ದೇ ಕೊರೆದದ್ದು. ಕೊನೆಯ ಸಾಲಿನಲ್ಲಿ ಕೆಮ್ಮಿದವರು ಮತ್ತೆ ಮೊದಲಿಂದ ಹಾಡಬೇಕಿತ್ತು. 1935ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಕಂಪನಿಯ ಟೇಪ್ ಯಂತ್ರ ಮ್ಯಾಗ್ನೆಟೋಫೋನ್ ಕಾಣಿಸಿಕೊಂಡಿತು. ಟೇಪನ್ನು ಕತ್ತರಿಸಬಹುದು, ಅಂಟಿಸಬಹುದು. ಸೆಕೆಂಡಿಗೆ 15 ಇಂಚು ಓಡುವ, ಕಾಲಿಂಚು ಅಗಲದ ಟೇಪನ್ನು ಬ್ಲೇಡಿನಿಂದ 45 ಡಿಗ್ರಿ ಓರೆಯಾಗಿ ಕೊಯ್ದರೆ, ಒಂದು ಸದ್ದು ಇಳಿದು ಇನ್ನೊಂದು ಏರಲು ಸೆಕೆಂಡಿನ ಅರವತ್ತನೆಯ ಒಂದು ಪಾಲು ಸಿಗುತ್ತದೆ. ನೆಟ್ಟಗೆ ಕೊಯ್ದರೆ ‘ಟಕ್’ ಎಂದೀತು. ಪ್ರಾಚೀನರು ವಿಸಂಧಿ ದೋಷ ಎಂದದ್ದು ಇದನ್ನೇ ಇರಬೇಕು.

ಇನ್ನು ಸಂಧಿಗಳು, ಅವು ಮೂರು.

ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಹಾಗೆಯೇ ಕೆಮ್ಮು, ಕುರ್ಚಿಯ ಕಿರಿಕಿರಿ, ತಾಳ ತಪ್ಪಿದ ಅರ್ಧ ಆವರ್ತ ಮಾಯವಾಗುವುದು ಲೋಪಸಂಧಿ.

‘ಮನೆಯನ್ನು’ ಎಂಬಲ್ಲಿ ಯಕಾರ ಕರೆಯದೆ ಬಂದಂತೆ, ಅಲ್ಲಿಲ್ಲದ್ದು ಬಂದು ಸೇರಿದರೆ ಆಗಮಸಂಧಿ. ಅಮೆರಿಕದಲ್ಲಿ ಗಾಯಕ ಬಿಂಗ್ ಕ್ರಾಸ್ಬಿ 1947ರಿಂದ ತನ್ನ ರೇಡಿಯೋ ಕಾರ್ಯಕ್ರಮವನ್ನು ಟೇಪಿನಲ್ಲಿ ಮುದ್ರಿಸತೊಡಗಿದ. ಒಮ್ಮೆ ಅತಿಥಿಯೊಬ್ಬ ಹೇಳಿದ ಪೋಲಿ ಜೋಕುಗಳಿಗೆ ಸಭೆ ಬಿದ್ದುಬಿದ್ದು ನಕ್ಕಿತು. ಜೋಕು ಪ್ರಸಾರಯೋಗ್ಯವಲ್ಲ, ಅದು ಲೋಪ. ನಗು ಮಾತ್ರ ಜೋಪಾನವಾಗಿ ಉಳಿದು, ಮುಂದೊಂದು ವಾರ ಸಪ್ಪೆ ಜೋಕಿನ ಬೆನ್ನಿಗೆ ಬಂದು ಕೂತಿತು.

‘ಮಳೆಗಾಲ’ದಲ್ಲಿ ಕಕಾರಕ್ಕೆ ಗಕಾರ ಬರುವುದು ಆದೇಶ. 1952ರಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ವಾಗ್ನರನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ ಒಪೆರಾ ಲಂಡನ್ನಿನಲ್ಲಿ ಮುದ್ರಣವಾಯಿತು. ನಾಯಕಿಯ ಪಾತ್ರ ಐವತ್ತು ದಾಟಿದ್ದ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಅವರದು. ತುತ್ತತುದಿಯ ತಾರಸ್ವರಗಳಷ್ಟು ಮಾತ್ರ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಅವರವು. ಗುಟ್ಟು ಹೊರಬಿದ್ದಾಗ ರಸಿಕರು ಸಿಡಿಮಿಡಿಗೊಂಡರು. ವ್ಯಾಕರಣ ಓದಿದ್ದರೆ ಇಷ್ಟು ರಾದ್ಧಾಂತವಾಗುತ್ತಿರಲಿಲ್ಲ.

ಸಂಧಿಯಾದ ಮೇಲೆ ಸಮಾಸ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿಗಳಿಗೆ ಕೈಮುಗಿದು ಸ್ಟುಡಿಯೋ ಸೇರಿಕೊಂಡವನು. ಬಾಖ್‌ನ ಎ ಮೈನರ್ ಫ್ಯೂಗ್ ನುಡಿಸಿದಾಗ 6ನೆಯ ಟೇಕು ಗಂಭೀರ, 8ನೆಯದು ಕುಣಿದಾಟ. ಒಂದೊಂದನ್ನೇ ಪೂರ್ತಿ ಕೇಳಿದರೆ ಎರಡೂ ಬೇಸರ. ಆದಿ ಅಂತ್ಯಗಳಿಗೆ ಆರು, ನಡುವಿಗೆ ಎಂಟು ಇಟ್ಟು ಜೋಡಿಸಿದ. ಇದು ದ್ವಂದ್ವ.

ಕಠಿಣವಾದದ್ದು ಅರಿಸಮಾಸ. ಸಂಸ್ಕೃತ, ಕನ್ನಡ ಪದಗಳನ್ನು ಬೆಸೆಯಬಾರದೆಂದು ಕೇಶಿರಾಜ ಗದರಿದ್ದುಂಟು. ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ 7ನೆಯ ಟೇಕಿನ ಆರಂಭವೂ 26ನೆಯದರ ಮುಂದಿನ ಭಾಗವೂ ಜಾನ್ ಲೆನನ್‌ಗೆ ಬೇಕಾಗಿದ್ದವು. ಎರಡಕ್ಕೂ ಶ್ರುತಿ ಬೇರೆ, ಲಯ ಬೇರೆ. 1966ರ ಡಿಸೆಂಬರ್ 22ರಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಒಂದನ್ನು ತುಸು ಓಡಿಸಿ, ಇನ್ನೊಂದನ್ನು ತುಸು ತಡೆದು, ಶ್ರುತಿ ಲಯಗಳೆರಡೂ ಕೂಡಿದಲ್ಲಿ ಕತ್ತರಿ ಹಾಕಿದರು. ಹೊಲಿಗೆ ಇರುವುದು ಹಾಡಿನ ಮೊದಲ ನಿಮಿಷದ ಅಂಚಿನಲ್ಲಿ. ಪೂರ್ವಕವಿಗಳು ಬಳಸಿದ್ದರೆ ಅರಿಸಮಾಸಕ್ಕೂ ವಿನಾಯಿತಿಯುಂಟು. ಬೀಟಲ್ಸ್ ಈಗ ಪೂರ್ವಕವಿಗಳೇ.

ಸಂಧಿಯನ್ನೇ ಒಲ್ಲದ ಪಂಥವೂ ಇದೆ: ಪ್ರಕೃತಿಭಾವ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆನೆಂದು ಹೇಳಿಕೊಂಡ ಕುಮಾರವ್ಯಾಸ ಒಂದೇ ಟೇಕಿನವರ ಕುಲಗುರು.

ಇಂದು ಬ್ಲೇಡಿನ ಕೆಲಸ ಕಂಪ್ಯೂಟರಿನದು. ಗಾಯಕಿ ಆರೇಳು ಸಲ ಹಾಡಿ ಮನೆಗೆ ಹೋಗುತ್ತಾಳೆ. ಎಂಜಿನಿಯರ್ ಪಲ್ಲವಿಯನ್ನು ಮೂರನೆಯದರಿಂದ, ಚರಣವನ್ನು ಐದನೆಯದರಿಂದ, ಒಂದು ‘ಳ’ಕಾರವನ್ನು ಎರಡನೆಯದರಿಂದ ಆರಿಸಿ, ನಡುವಿನ ಉಸಿರುಗಳಿಗೆ ಲೋಪ ವಿಧಿಸುತ್ತಾನೆ. ಆರು ತಿಂಗಳ ಬಳಿಕ ವೇದಿಕೆಯೇರುವ ಮುನ್ನ ಆಕೆ ತನ್ನ ಹಾಡನ್ನೇ ಮೊಬೈಲಿನಲ್ಲಿ ಮತ್ತೆ ಮತ್ತೆ ಕೇಳುತ್ತ, ಇಲ್ಲಿ ಉಸಿರು ತೆಗೆದುಕೊಂಡದ್ದು ಎಲ್ಲಿ ಎಂದು ಹುಡುಕುತ್ತಿರುತ್ತಾಳೆ.