ಗೋಡೆ ಶಾಸನ ಮೀಮಾಂಸೆ: ನರೇಗಲ್ ಸೀಮೆಯ ಒಂದು ಅಧ್ಯಯನ

ಕಲ್ಲಿನ ಮೇಲೆ ಕೊರೆದದ್ದು ಶಿಲಾಶಾಸನ, ತಾಮ್ರದ ಮೇಲೆ ಕೊರೆದದ್ದು ತಾಮ್ರಶಾಸನ. ಕೂಲಿಯ ಸರ್ಕಾರಿ ಆದೇಶವನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಮೊಳೆ ಹೊಡೆದದ್ದಕ್ಕೆ ನಮ್ಮ ವಿದ್ವಾಂಸರು ಇನ್ನೂ ಹೆಸರಿಟ್ಟಿಲ್ಲ. ಈ ಕೊರತೆ ನೀಗಿಸಲು ನರೇಗಲ್‌ಗಿಂತ ಯೋಗ್ಯವಾದ ಊರು ಸಿಗುವುದು ಕಷ್ಟ. ಬೆಳ್ವೊಲ ಮುನ್ನೂರು ಎಂಬ ಹಳೆಯ ನಾಡಿನೊಳಗೆ ಹನ್ನೆರಡು ಹಳ್ಳಿಗಳ ಆಡಳಿತ ವಿಭಾಗವೊಂದಕ್ಕೆ ಹೆಸರು ಕೊಟ್ಟ ಊರಿದು. ರಾಷ್ಟ್ರಕೂಟರ ಕಾಲದ ನಾರಾಯಣ ದೇವಾಲಯ ಇಲ್ಲಿದೆ. ಇಲ್ಲಿಯ ಮತ್ತು ಪಕ್ಕದ ಕೋಡಿಕೊಪ್ಪದ ಸಿಂದ ಅರಸರ ಶಾಸನಗಳನ್ನು ಶಾಸನತಜ್ಞ ಫ್ಲೀಟ್ ಸಾಹೇಬರು 19ನೇ ಶತಮಾನದಲ್ಲೇ ಓದಿ ಅಚ್ಚು ಹಾಕಿಸಿದ್ದಾರೆ. ಹತ್ತಿರದ ಸೂಡಿಗೆ ಹೋದರೆ ಚಾಲುಕ್ಯರ ಅಕ್ಕಾದೇವಿಯ ಕಾಲದಲ್ಲಿ ಊರಿನ ಸೆಟ್ಟಿಗಳಿಗೆ ಹಾಕಿಕೊಟ್ಟ ಕಟ್ಟುಪಾಡು ಕಲ್ಲಿನಲ್ಲೇ ಉಳಿದಿದೆ. ಕೆಲಸ ಮತ್ತು ವ್ಯಾಪಾರದ ನಿಯಮವನ್ನು ನಾಲ್ಕು ಜನ ಓಡಾಡುವ ಕಡೆ ಬರೆದು ನಿಲ್ಲಿಸುವ ಚಾಳಿ ಈ ಸೀಮೆಗೆ ಹೊಸದಲ್ಲ. ಆಗ ಕಲ್ಲುಕುಟಿಗ ಬರೆಯುತ್ತಿದ್ದ, ಈಗ ಝೆರಾಕ್ಸ್ ಅಂಗಡಿಯವನು ಬರೆಯುತ್ತಾನೆ.

ರಚನೆಯಲ್ಲಿ ಎರಡೂ ಸಗೋತ್ರ. ಹಳೆಯದು 'ಸ್ವಸ್ತಿ' ಎಂದು ಶುರುವಾಗಿ ರಾಜನ ಬಿರುದುಗಳನ್ನು ಉದ್ದಕ್ಕೂ ಹಾಸಿ, ಕೊನೆಗೆ ದಾನದ ಮಾತಿಗೆ ಬರುತ್ತದೆ. ಹೊಸದು 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದು ಶುರುವಾಗಿ, 'ಓದಲಾಗಿದೆ' ಎಂಬ ಶೀರ್ಷಿಕೆಯ ಕೆಳಗೆ ಯಾರೂ ಓದದ ಹಳೆಯ ಆದೇಶಗಳನ್ನು ಸಾಲಾಗಿ ಹಾಸಿ, ಕೊನೆಗೆ 'ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಮುಗಿಯುತ್ತದೆ. ವ್ಯತ್ಯಾಸ ಇರುವುದು ಶಾಪಾಶಯದಲ್ಲಿ. ಶಿಲಾಶಾಸನವನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ. 1948ರ ಕನಿಷ್ಠ ವೇತನ ಕಾಯ್ದೆಯಂತೆ ಕೂಲಿ ಕಡಿಮೆ ಕೊಟ್ಟವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐನೂರು ರೂಪಾಯಿಗೆ ಕವಿಲೆ ಬಿಡಿ, ಅದಕ್ಕೆ ಹಾಕುವ ಹಿಂಡಿಯ ಅರ್ಧ ಚೀಲವೂ ಈಗ ಬಾರದು. 2019ರ ವೇತನ ಸಂಹಿತೆ ಈ ದಂಡವನ್ನು 50,000ದವರೆಗೆ ಏರಿಸಿತು. ಪಾಪದ ಪ್ರಮಾಣ ಎಪ್ಪತ್ತು ವರ್ಷದಲ್ಲಿ ನೂರು ಪಟ್ಟಾದದ್ದು ಧರ್ಮಶಾಸ್ತ್ರದ ಇತಿಹಾಸದಲ್ಲೇ ಅಪರೂಪ.

ಇನ್ನು ಶಾಸನದ ನೆಲೆ. ಕಾರ್ಖಾನೆಗಳ ಕಾಯ್ದೆಯ 108ನೇ ಕಲಂ ಈ ವಿಷಯದಲ್ಲಿ ಶಿಲ್ಪಶಾಸ್ತ್ರದಷ್ಟೇ ಖಚಿತವಾಗಿತ್ತು. ಫಲಕ ಮುಖ್ಯ ಬಾಗಿಲಿನ ಬಳಿ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು, ಇಂಗ್ಲಿಷಿನಲ್ಲೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು, ಸ್ವಚ್ಛವಾಗಿ ಓದಲು ಬರುವಂತಿರಬೇಕು ಎಂದಿತ್ತು. ಕಾಯ್ದೆ ಬರೆದವರು ಒಂದನ್ನು ಮಾತ್ರ ಬಿಟ್ಟರು: ಓದುವವನು ಅಲ್ಲಿ ಒಂದು ಗಳಿಗೆ ನಿಲ್ಲಬೇಕು ಎಂಬುದನ್ನು.

ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಖಾನಾವಳಿಯನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಅದು ಕಾರ್ಖಾನೆಯಲ್ಲ, ಆದರೆ ಹೋಟೆಲ್ ಉದ್ಯಮಕ್ಕೂ ಕನಿಷ್ಠ ವೇತನದ ಅನುಸೂಚಿಯಲ್ಲಿ ಜಾಗವಿತ್ತು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯೇ ಗರ್ಭಗುಡಿ. ಮೇಲೆ ಲಕ್ಷ್ಮಿ, ಅವಳ ಪಕ್ಕ ಊರ ಅಜ್ಜನ ಫೋಟೊ, ಕೆಳಗೆ ನೋಂದಣಿ ಪತ್ರ, ಅದರ ಕೆಳಗೆ ವೇತನದ ಪಟ್ಟಿ. ಪಟ್ಟಿಯ ಅರ್ಧವನ್ನು ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ಮುಚ್ಚಿದೆ. ಕಾಣುವ ಅರ್ಧದಲ್ಲಿ 'ವ್ಯತ್ಯಸ್ಥ ತುಟ್ಟಿಭತ್ಯೆ' ಎಂಬ ಮಾತಿದೆ, ಅದರ ಮೇಲೆ ಶೇಂಗಾ ಚಟ್ನಿಯ ಎಣ್ಣೆಯ ಬೆರಳಿನ ಗುರುತಿದೆ. ಒಳಗೆ ಹೊಗೆಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ದಿನದ ಲೆಕ್ಕವಲ್ಲ, ರೊಟ್ಟಿಯ ಲೆಕ್ಕ. ಗಿರಾಕಿಯೊಬ್ಬ ಊಟಕ್ಕೆ ಕೂತಲ್ಲಿಂದಲೇ ಅಕ್ಷರ ಕೂಡಿಸಿ ಓದಿ ಹೇಳುತ್ತಾನೆ:

"ಯಕ್ಕಾ, ನಿಮ್ಮ ಪಗಾರ ಎಷ್ಟು ಅಂತ ಇದರಾಗ ಬರದಾರ ನೋಡ್ರಿ."

"ಹೌದೇನ್ರಿ? ಬರದಿದ್ರ ಛಲೋ ಆತು ಬಿಡ್ರಿ. ನಿಮಗ ಇನ್ನೊಂದು ಬಿಸಿ ರೊಟ್ಟಿ ಹಾಕ್ಲೇನು?"

ಈ ಸಂವಾದದಿಂದ ಪ್ರಬಂಧಕಾರರು ಒಂದು ಪ್ರಮೇಯಕ್ಕೆ ಬರುತ್ತಾರೆ: ಗೋಡೆ ಶಾಸನದ ನಿಜವಾದ ವಾಚಕ ಕಾರ್ಮಿಕನಲ್ಲ, ಇನ್ಸ್‌ಪೆಕ್ಟರು. ಸಾಹೇಬರು ಬರುವ ಸುದ್ದಿ ಸಿಕ್ಕ ದಿನ ಕ್ಯಾಲೆಂಡರ್ ಒಂದು ಮೊಳೆ ಆಚೆ ಸರಿಯುತ್ತದೆ. ಹೋದ ಮೇಲೆ ತನ್ನ ಜಾಗಕ್ಕೆ ಮರಳುತ್ತದೆ.

ಫಲಕಕ್ಕೆ ಮುಂಚೆ ಒಂದು ಗರ್ಭಾವಸ್ಥೆ ಇದೆ, ಅದೇ ಕರಡು. ಮೀಮಾಂಸೆ ನಿಜವಾಗಿ ರಂಗೇರುವುದು ಇಲ್ಲಿ. ಸರ್ಕಾರ ಕೂಲಿಯ ದರವನ್ನೋ ನಿಯಮವನ್ನೋ ಮಾಡುವ ಮೊದಲು ಅದರ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, 'ಇದರಿಂದ ಬಾಧಿತರಾಗುವ ಸಂಭವವಿರುವ' ಎಲ್ಲರ ಆಕ್ಷೇಪಣೆ, ಸಲಹೆ ಕೇಳುತ್ತದೆ. ಕನಿಷ್ಠ ವೇತನದ ಕರಡಾದರೆ ಎರಡು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಕೊಡಬೇಕೆಂದು 1948ರ ಕಾಯ್ದೆ ಹೇಳಿತ್ತು. ವಿಳಾಸ ಬೆಂಗಳೂರಿನದು. ಬಾಧಿತರಾಗುವ ಸಂಭವವಿರುವವಳು ನರೇಗಲ್ಲಿನಲ್ಲಿ ಒಲೆಯ ಮುಂದಿದ್ದಾಳೆ. ಸರ್ಕಾರಕ್ಕೂ ಅವಳಿಗೂ ನಡುವೆ ಇರುವುದು ರಾಜ್ಯಪತ್ರ ಒಂದೇ, ಅದು ಊರಿನ ಯಾವ ಪೇಪರ್ ಅಂಗಡಿಯಲ್ಲೂ ಸಿಗುವುದಿಲ್ಲ.

ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಆರನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ ಎಂಬ ಜ್ಞಾನ. ಕುಮಾರಿಲ ಭಟ್ಟರ ಈ ಪ್ರಮಾಣವನ್ನು ಇಪ್ಪತ್ತೊಂದನೆಯ ಶತಮಾನದವರೆಗೆ ಜೀವಂತ ಇಟ್ಟವರು ಯಾವ ಮಠದವರೂ ಅಲ್ಲ, ಸಚಿವಾಲಯದವರು. ನಿಗದಿತ ಅವಧಿಯೊಳಗೆ ಆಕ್ಷೇಪಣೆ ಬಂದಿಲ್ಲ, ಆದ್ದರಿಂದ ಆಕ್ಷೇಪಣೆ ಇಲ್ಲ. ಗಡಿಗೆಯ ವಿಷಯದಲ್ಲಿ ಮೀಮಾಂಸಕರು ಒಂದು ಷರತ್ತು ಹಾಕಿದ್ದರು: ಇದ್ದಿದ್ದರೆ ಕಾಣಲೇಬೇಕಾದ ವಸ್ತುವಿಗೆ ಮಾತ್ರ ಈ ಪ್ರಮಾಣ ಸಲ್ಲುತ್ತದೆ, ಕತ್ತಲಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ಸಿದ್ಧವಾಗುವುದಿಲ್ಲ. ಈ ಷರತ್ತು ರಾಜ್ಯಪತ್ರದ ಹಾದಿಯಲ್ಲಿ ಎಲ್ಲೋ ಬಿದ್ದುಹೋಗಿದೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಂ ಅಂತೂ ಇನ್ನೊಂದು ಹೆಜ್ಜೆ ಮುಂದೆ. ಕರಡು ಹೊರಡಿಸಿ, ಆಕ್ಷೇಪಣೆ ಪರಿಶೀಲಿಸಿ ಮಾಡಿದ್ದೆಂದು ಹೇಳಿಕೊಳ್ಳುವ ನಿಯಮ ರಾಜ್ಯಪತ್ರದಲ್ಲಿ ಅಚ್ಚಾಯಿತೆಂದರೆ, ಅದು ಕ್ರಮಬದ್ಧವಾಗಿ ಆಗಿದೆ ಎಂಬುದಕ್ಕೆ ಆ ಅಚ್ಚೇ ನಿರ್ಣಾಯಕ ಸಾಕ್ಷಿ. ವೇದ ಸ್ವತಃಪ್ರಮಾಣ ಎಂದು ಸಾಧಿಸಲು ಹಳೆಯ ಪಂಡಿತರು ಗ್ರಂಥಗಟ್ಟಲೆ ಬರೆದರು. ರಾಜ್ಯಪತ್ರಕ್ಕೆ ಒಂದು ಉಪಕಲಂ ಸಾಕಾಯಿತು.

ಅವಧಿಯ ವಿಚಾರದಲ್ಲಿ ಸರ್ಕಾರ ಏಕರೂಪತೆಯ ಹಟ ಹಿಡಿದಿಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಲ್ಲಿ ಕಾರ್ಮಿಕರ ಆಕ್ಷೇಪಣೆಗೆ 15 ದಿನ ಇತ್ತು. ಮೊಬೈಲ್ ಆ್ಯಪ್ ನಂಬಿ ಊಟ ಹಂಚುವವರ, ಗಾಡಿ ಓಡಿಸುವವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ ಕರಡು ಮಸೂದೆ ಹೊರಡಿಸಿದ್ದು 2024ರ ಜೂನ್ 29ರಂದು, ಅಭಿಪ್ರಾಯಕ್ಕೆ ಕಡೆಯ ದಿನ ಜುಲೈ 9. ಅಭಿಪ್ರಾಯ ಕೊಡಲು ಹತ್ತು ದಿನ ಸಾಕೆಂದವರಿಗೆ ಅದನ್ನು ಸುಗ್ರೀವಾಜ್ಞೆ ಮಾಡಲು 2025ರ ಮೇ ತಿಂಗಳವರೆಗೆ ಹೊತ್ತು ಹಿಡಿಯಿತು. ಹತ್ತು ನಿಮಿಷದಲ್ಲಿ ಕಿರಾಣಿ ಮುಟ್ಟಿಸುವ ಹುಡುಗರ ವೇಗವನ್ನು ಅವರ ಕಾಯ್ದೆಯಿಂದಲೂ ಬಯಸುವುದು ತಪ್ಪು.

ಆಕ್ಷೇಪಣೆ ಹೆಚ್ಚು ಬಂದರೆ ಕೆಲಸ ಸಾಧಿಸೀತು ಎಂಬ ಪೂರ್ವಪಕ್ಷವೂ ಇದೆ. ಅದಕ್ಕೆ ಅಮೆರಿಕದ ದೃಷ್ಟಾಂತ ಸಾಕು. ಅಲ್ಲಿಯ ಕಾರ್ಮಿಕ ಇಲಾಖೆ 2015ರಲ್ಲಿ ಓವರ್‌ಟೈಮ್ ನಿಯಮದ ಕರಡು ಹೊರಡಿಸಿದಾಗ 2.7 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಎಲ್ಲ ಜಾಲಾಡಿ 2016ರಲ್ಲಿ ನಿಯಮ ಹೊರಡಿಸಿದರು. ಜಾರಿಗೆ ಇನ್ನು ಒಂಬತ್ತು ದಿನ ಇರುವಾಗ ಟೆಕ್ಸಸ್‌ನ ನ್ಯಾಯಾಧೀಶರೊಬ್ಬರು ಅದನ್ನು ತಡೆದರು. ಆ ಲೆಕ್ಕದಲ್ಲಿ ನರೇಗಲ್ಲಿನವರು ಬರೆಯದೇ ಕೂತದ್ದರಿಂದ ಅಂಚೆ ಖರ್ಚಾದರೂ ಉಳಿಯಿತು.

ಕರಡಿನೊಳಗೆ ಏನಿರುತ್ತದೆ? ಇದು ಪ್ರಬಂಧದ ಅರ್ಥಶಾಸ್ತ್ರ ಭಾಗ, ಗಜೇಂದ್ರಗಡದ ನೇಕಾರರು ಕಿವಿಗೊಟ್ಟು ಕೇಳಬೇಕಾದದ್ದು. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೆ ಒಂದು ಅಳತೆ ಹಾಕಿತು. ದುಡಿಯುವವನು ಒಂದು ಘಟಕ, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6, ಒಟ್ಟು ಮೂರು ಘಟಕ. ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ. ಬಟ್ಟೆ ತಲೆಗೆ ವರ್ಷಕ್ಕೆ 18 ಗಜದಂತೆ ಮನೆಗೆ 72 ಗಜ. ರೊಟ್ಟಿ ಬಡಿಯುವವಳು 0.8 ಹೇಗಾದಳು ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಅವಳೇ ಬಡಿದ ರೊಟ್ಟಿಯನ್ನು ಕೂತು ಉಣ್ಣುವವನು ಪೂರ್ಣಾಂಕ.

ಅರವತ್ತು ವರ್ಷ ಕಳೆದು ವೇತನ ಸಂಹಿತೆ ಬಂತು. ಅದರ ಕೇಂದ್ರ ನಿಯಮಗಳ ಕರಡಿನಲ್ಲಿ ಬಟ್ಟೆಯ ಲೆಕ್ಕ ಮೆಟ್ರಿಕ್‌ಗೆ ತಿರುಗಿ ಮನೆಗೆ 66 ಮೀಟರ್ ಆಯಿತು. 72 ಗಜವೆಂದರೆ 65 ಮೀಟರ್ 84 ಸೆಂಟಿಮೀಟರ್. ಅಂದರೆ ಕೈಮಗ್ಗ ವಿದ್ಯುತ್ ಮಗ್ಗವಾದ, ರೋಣದ ಸೀಮೆಯಲ್ಲಿ ಗಾಳಿಯಂತ್ರಗಳು ಎದ್ದುನಿಂತ ಈ ಕಾಲಾವಧಿಯಲ್ಲಿ ಭಾರತದ ಕಾರ್ಮಿಕ ಕುಟುಂಬ ಒಟ್ಟು 16 ಸೆಂಟಿಮೀಟರ್ ಬಟ್ಟೆಯನ್ನು ಗೆದ್ದುಕೊಂಡಿದೆ. ಪೂರಾ ಒಂದು ಗೇಣಲ್ಲ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ನಾಲ್ಕು ಸೆಂಟಿಮೀಟರ್, ಇಳಕಲ್ ಸೀರೆಯ ದಡಿಗೂ ಸಾಲದು, ಹರಿದ ಅಂಗಿಗೆ ತೇಪೆ ಹಾಕಬಹುದು. ಕರಡಿಗೆ ಆಕ್ಷೇಪಣೆ ಸಲ್ಲಿಸುವವರು ಈ ಅಂಶವನ್ನು ಟಿಪ್ಪಣಿ ಮಾಡಿಕೊಳ್ಳಲಿ.

ಬಟ್ಟೆಯಲ್ಲಿ ಕೈಬಿಗಿ ಹಿಡಿದವರು ಪೈಸೆಯಲ್ಲಿ ಉದಾರಿಗಳು. 2025ರ ಏಪ್ರಿಲ್‌ನಲ್ಲಿ ಕರ್ನಾಟಕದ ಕಾರ್ಮಿಕ ಇಲಾಖೆ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ಒಂದು ವಲಯದ ಕೌಶಲರಹಿತ ಕಾರ್ಮಿಕನಿಗೆ ತಿಂಗಳಿಗೆ 19,319 ರೂಪಾಯಿ 36 ಪೈಸೆ ಎಂದಿತ್ತು. ಉದ್ಯಮಿಗಳ ಸಂಘಗಳು ಇದು ಬಹಳಾಯಿತು ಎಂದವು. ಕಾರ್ಮಿಕ ಸಂಘಟನೆಗಳು ಕನಿಷ್ಠ ಕೂಲಿ ಕುರಿತ ಸುಪ್ರೀಂ ಕೋರ್ಟಿನ ರೆಪ್ಟಕೋಸ್ ಬ್ರೆಟ್ ತೀರ್ಪಿನ ಸೂತ್ರ ಹಿಡಿದು ಪಟ್ಟುಹಾಕಿದವು. ಆದರೆ ಆ 36 ಪೈಸೆಯ ಬಗ್ಗೆ ಎರಡೂ ಕಡೆಯವರು ತುಟಿ ಬಿಚ್ಚಲಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿದೆ. ಹಾಗಾಗಿ ಈ ಮೊತ್ತವನ್ನು ಕೈಯಲ್ಲಿ ಎಣಿಸಿ ಕೊಡುವ ಯಾವ ಧಣಿಯೂ ಕಾನೂನನ್ನು ಅಕ್ಷರಶಃ ಪಾಲಿಸಲಾರ: 14 ಪೈಸೆ ದಾನಿಯಾಗಬೇಕು, ಇಲ್ಲವೇ 36 ಪೈಸೆ ಅಪರಾಧಿಯಾಗಬೇಕು.

ನರೇಗಲ್ಲಿಗೆ ಇನ್ನೊಂದು ವೈಶಿಷ್ಟ್ಯ. ಪಟ್ಟಣ ಪಂಚಾಯ್ತಿಯಾದ ಕಾರಣ ಊರೊಳಗಿನವರಿಗೆ ಉದ್ಯೋಗ ಖಾತ್ರಿಯ ಕೆಲಸವಿಲ್ಲ. ಜಕ್ಕಲಿ, ಅಬ್ಬಿಗೇರಿಯಂಥ ಸುತ್ತಲಿನ ಹಳ್ಳಿಗಳವರಿಗೆ ಉಂಟು. ಒಂದೇ ಎರೆಮಣ್ಣು, ಒಂದೇ ಬಿಸಿಲು, ಹದ್ದಿನ ಈಚೆ ನಿಂತವನು ನಾಗರಿಕ, ಆಚೆ ನಿಂತವನು ಕೂಲಿಕಾರ. ಖಾತ್ರಿಯ ದರವೂ ಕೇಂದ್ರದ ರಾಜಪತ್ರದಲ್ಲೇ ಬರುತ್ತಿತ್ತು: ಕರ್ನಾಟಕಕ್ಕೆ 2024–25ರಲ್ಲಿ 349 ರೂಪಾಯಿ, 2025–26ರಲ್ಲಿ 370. 2023ರ ಜನವರಿ 1ರಿಂದ ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಏರಿಸುವುದು ಕಡ್ಡಾಯವಾಯಿತು. ಶಿಲಾಶಾಸನದಲ್ಲಿ ಕೆಲವೊಮ್ಮೆ ದಾನ ಕೊಟ್ಟವನ ಶಿಲ್ಪ ಇರುತ್ತಿತ್ತು. ಇಲ್ಲಿ ದುಡಿದವನ ಶಿಲ್ಪ ದಿನಕ್ಕೆರಡು, ನೆಟ್‌ವರ್ಕ್ ಸಿಕ್ಕರೆ.

ಹೀಗಿದ್ದೂ ಈ ಸೀಮೆಯವರು ಕೂಲಿಯ ವಿಷಯದಲ್ಲಿ ಬಾಯಿಲ್ಲದವರೇ? ಇದನ್ನು ಪರೀಕ್ಷಿಸಲು ಪ್ರಬಂಧಕಾರರು ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ನಸುಕಿನ ಟಂಟಂ ನಿಲ್ಲುವ ಜಾಗವನ್ನು ಸೂಚಿಸುತ್ತಾರೆ. ಕರಡು ಅಧಿಸೂಚನೆಯನ್ನು ಹೊಲದ ಮಾಲಕ ಬಾಯಿಮಾತಿನಲ್ಲೇ ಹೊರಡಿಸುತ್ತಾನೆ: "ನಿನ್ನಿದs ರೇಟರ್ಬೇ, ಹತ್ತ್ರಿ ಲಗೂನ." ಬುತ್ತಿ ಗಂಟು ಹಿಡಿದ ಹೆಂಗಸರು ಹತ್ತುವುದಿಲ್ಲ. ಗುಂಪಿನ ಹಿರಿಯಳು ಆಕ್ಷೇಪಣೆ ದಾಖಲಿಸುತ್ತಾಳೆ: "ಯಣ್ಣಾ, ಅಬ್ಬಿಗೇರಿ ಕಡೆಯವರು ಇಪ್ಪತ್ತು ಹೆಚ್ಚಿಗಿ ಅಂದಾರ, ಅವರ ಗಾಡಿನೂ ಬರಾಕ ಹತ್ತೈತಿ." ಮಾಲಕ ಮೆಣಸಿನಕಾಯಿಯ ಧಾರಣಿ, ಎಣ್ಣೆಯ ಧಾರಣಿ, ತನ್ನ ಸಾಲದ ಧಾರಣಿ ಎಲ್ಲವನ್ನೂ ಪ್ರಸ್ತಾವನೆಯಾಗಿ ಓದುತ್ತಾನೆ. ಅವಳು ಒಂದು ಸಲಹೆಯನ್ನೂ ಸೇರಿಸುತ್ತಾಳೆ: ಹತ್ತು ಸಾಕು, ಆದರೆ ಮಧ್ಯಾಹ್ನದ ಚಹಾ, ಚುರುಮುರಿ ಹೊಲದವರದ್ದು, ಸಂಜಿ ಐದಕ್ಕ ವಾಪಸ್ ಬಿಡಬೇಕು. ಪರಿಶೀಲನೆ ಮುಗಿದು ಅಂತಿಮ ಅಧಿಸೂಚನೆ ಹೊರಡುವಷ್ಟರಲ್ಲಿ ಡ್ರೈವರನ ಬೀಡಿ ಇನ್ನೂ ಅರ್ಧ ಉಳಿದಿರುತ್ತದೆ.

29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕಾಗಿ ಕಟ್ಟಿದ ಸಂಹಿತೆಗಳು 2019, 2020ರಲ್ಲಿ ಸಂಸತ್ತು ದಾಟಿ, ಜಾರಿಯಾದದ್ದು 2025ರ ನವೆಂಬರ್ 21ರಂದು. ಟಂಟಂ ನಿಲ್ದಾಣದ ನಡವಳಿಗಳಿಗೆ ಕಡತ ಸಂಖ್ಯೆಯಿಲ್ಲದ ಕಾರಣ ಅವು ಯಾವ ಸಂಹಿತೆಯಲ್ಲೂ ಸೇರಿಲ್ಲ. ಪಕ್ಕದ ಹೊಲದವನ ಗಾಡಿಗೆ ಹತ್ತುವ ಹಕ್ಕನ್ನು ಮೇಲ್ಮನವಿ ಎಂದು ಪರಿಗಣಿಸಬಹುದೇ ಎಂಬುದನ್ನು ಪ್ರಬಂಧಕಾರರು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದಾರೆ.