ಫುಟ್‌ಬೋರ್ಡ್ ಬಾಯಿಬಿಟ್ಟಾಗ

ಕಲ್ಮಲ ಕ್ರಾಸು. ರಾಯಚೂರಿನಿಂದ ಬಂದ ರಸ್ತೆ ಇಲ್ಲಿ ಮಾನ್ವಿಗೊಂದು, ದೇವದುರ್ಗಕ್ಕೊಂದು ಕವಲೊಡೆಯುತ್ತದೆ. ಪಿಕಪ್ ಮಾಲೀಕರಿಬ್ಬರು ಚಹಾ ಆರಿಹೋದರೂ ವಾದ ಬಿಟ್ಟಿರಲಿಲ್ಲ: ಗಾಡಿಗೆ ದುಂಡು ಪೈಪಿನ ಫುಟ್‌ಬೋರ್ಡ್ ಚಲೋನೋ, ಚಪ್ಪಟೆ ಪಟ್ಟಿಯದೋ? ವಿಧಾನ ಪರಿಷತ್ತಿಗೆ ಹೋದರೂ ಇದು ಬಗೆಹರಿಯದು ಅನಿಸಿ, ಸೀದಾ ಫುಟ್‌ಬೋರ್ಡನ್ನೇ ಮಾತಾಡಿಸಿದೆ.

ನಾನು: ಪೈಪೋ, ಪಟ್ಟಿಯೋ?

ಫುಟ್‌ಬೋರ್ಡ್: ಪೈಪು ನೋಡಾಕ ಚಂದ. ಎರಿ ಮಣ್ಣಿನ ಕಾಲು ಇಟ್ರ ಜಾರ್ತದ. ತೂತಿರೋ ಪಟ್ಟಿ ಹಾಕ್ಸಿದ್ರ ಮಣ್ಣು ಕೆಳಗ ಉದುರ್ತದ. ಬೋಲ್ಟು ಚಾಸಿಗೆ ಬಿಗೀಬೇಕು, ತಗಡಿಗಲ್ಲ. ಅದೆಲ್ಲ ಇರ್ಲಿ, ಗುಟ್ಕಾದ್ದು ಬರ್ಕೋರಿ.

ನಾನು: ಗುಟ್ಕಾ?

ಫುಟ್‌ಬೋರ್ಡ್: ಡ್ರೈವರ್ ಕಿಟಕಿಯಿಂದ ಉಗುಳ್ತಾನ. ಅರ್ಧ ರೋಡಿಗೆ, ಅರ್ಧ ನನಗ. ಸ್ಟೀಲಿಂದ ಮಾಡ್ಸ್ಯಾನ, ಪಾಲಿಶ್ ಹೊಡ್ಸ್ಯಾನ, ಮ್ಯಾಲ ಉಗುಳ್ಯಾನ!

ನಾನು: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ನಿಮಗೇ ಒಂದು ಕಲಂ ಇದೆ, 123ನೆಯದು. ನಿಮ್ಮ ಮೇಲೆ ಯಾರನ್ನೂ ನಿಲ್ಲಿಸಿಕೊಂಡು ಗಾಡಿ ಓಡಿಸುವಂತಿಲ್ಲ.

ಫುಟ್‌ಬೋರ್ಡ್: ಉಗುಳಬಾರದು ಅಂತ ಅದ ಏನು ಅದ್ರಾಗ?

ನಾನು: ಇಲ್ಲ. ಅಂದ ಹಾಗೆ, ನಿಮ್ಮ ಗಾಡಿಯ ಮುಂದಿನ ಆ ಬಿಳಿ ಎಲ್‌ಇಡಿ...

ಫುಟ್‌ಬೋರ್ಡ್: ಅದನ್ನ ಲೈಟಿಗೇ ಕೇಳ್ರಿ.

ನಾನು: ಕೇಳಲು ಕಣ್ಣು ಬಿಡಬೇಕಲ್ಲ! ಎದುರು ಬರುವವರಿಗೆ ಮಾನ್ವಿ ರಸ್ತೆ ಪೂರ್ತಿ ಬೆಳ್ಳಗೆ. ಡಿಪ್ ಮಾಡುವ ಸ್ವಿಚ್ಚನ್ನು ಕಂಪನಿಯವರು ಅಲಂಕಾರಕ್ಕೆ ಕೊಟ್ಟಿದ್ದಾರೆಯೇ?

ಫುಟ್‌ಬೋರ್ಡ್: ನೀವು ಸಂದರ್ಶನ ಮಾಡಾಕ ಬಂದೀರೋ, ಕಂಪ್ಲೇಂಟ್ ಕೊಡಾಕ ಬಂದೀರೋ?

ನಾನು: ಸರಿ, ಸರಿ. ದಿನಕ್ಕೆ ಎಷ್ಟು ಕಾಲು ನಿಮ್ಮ ಮೇಲೆ ಬೀಳುತ್ತವೆ?

ಫುಟ್‌ಬೋರ್ಡ್: ಎರಡು. ಡ್ರೈವರಂದು.

ನಾನು: ಮತ್ತೆ ಗಾಡಿ ತುಂಬ ಹತ್ತಿ ಬಿಡಿಸುವ ಹೆಣ್ಮಕ್ಕಳು?

ಫುಟ್‌ಬೋರ್ಡ್: ಅವ್ರು ಹಿಂದ ಹತ್ತಾರ್ರಿ. ಹಿಂದ ನನ್ನಂಥದ್ದು ಒಂದು ತುಂಡೂ ಇಲ್ಲ. ನಸುಕಿನ್ಯಾಗ ಸೀರಿ ಎತ್ತಿ ಕಟ್ಟಿ, ಗಾಲಿ ಮ್ಯಾಲ ಒಂದು ಕಾಲಿಟ್ಟು, ಬುತ್ತಿ ಗಂಟು ಹಲ್ಲಾಗ ಕಚ್ಚಿ ಹತ್ತಾರ. ಮುದುಕೇರನ್ನ ಇಬ್ರು ಮ್ಯಾಲ ನಿಂತು ರಟ್ಟಿ ಹಿಡಿದು ಜಗ್ತಾರ. ಮೆಣಸಿನಕಾಯಿ ಚೀಲಕ್ಕಾದ್ರ ಹಲಗಿ ಇಡ್ತಾರ ನೋಡ್ರಿ, ಚೀಲ ಹರೀಬಾರದಂತ!

ನಾನು: 2023ರ ಜೂನ್ 11ರಿಂದ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಲ್ಲವೇ?

ಫುಟ್‌ಬೋರ್ಡ್: ಬಸ್ಸು ಹೊಲದ ಬದುವಿಗೆ ಬರ್ತದೇನ್ರಿ?

ತಮಾಷೆ ಇಲ್ಲಿಗೆ ಸಾಕು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನ ತರಕಾರಿ ಮಾರುವವರು ಲೋಡಿನ ಲಾರಿಯಲ್ಲೇ ಕುಮಟಾ ಸಂತೆಗೆ ಹೊರಟಿದ್ದರು. ಯಲ್ಲಾಪುರದ ಹತ್ತಿರ ಲಾರಿ ಉರುಳಿ 10 ಜನ ಸತ್ತರು. ಸರಕಿನ ಗಾಡಿಯಲ್ಲಿ ಜನರನ್ನು ಹೇರಬಾರದೆಂದು ಗೊತ್ತಿಲ್ಲದವರು ಯಾರಿದ್ದಾರೆ? ಕೂಲಿ ಕೊಡುವವನಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು, ಕ್ರಾಸಿನಲ್ಲಿ ಕೈ ಅಡ್ಡ ಹಾಕುವವನಿಗೂ ಗೊತ್ತು. ಇವರಾರಿಗೂ ಬೆಳಗಿನ ಹೊತ್ತು ಆ ಗಾಡಿ ಕಾಣುವುದಿಲ್ಲ. ಅಷ್ಟು ಎಲ್‌ಇಡಿ ಹಾಕಿದ್ದರೂ.

ನಾನು: ಹಿಂದೆ ಒಂದು ಪಾವಟಿಗೆ ಬೆಸೆಯಲು ಮಾಲೀಕನಿಗೇನು ಕಷ್ಟ? ಆ ಲೈಟಿನ ದುಡ್ಡಿನಲ್ಲಿ...

ಫುಟ್‌ಬೋರ್ಡ್: ರೊಕ್ಕದ ಮಾತಲ್ರೀ. ಹಿಂದ ಪಾವಟಿಗಿ ಹಚ್ಚಿದ್ರ ಮಂದಿನ್ನ ಹೇರ್ತಾನಂತ ಆರ್‌ಟಿಒಗೆ ಗೊತ್ತಾಗಂಗಿಲ್ಲೇನು?